ದೋಣಿ ಹುಡುಗಿಯ ಕಣ್ಣು

"ಈ ಮುಖ ಎಲ್ಲಿಂದ ತಂದ್ರಿ?"

ಅಚ್ಚುಗಾರ ತಲೆ ಎತ್ತಿದ. ಮೊಣಕೈವರೆಗೆ ಒದ್ದೆ ಮಣ್ಣು, ಹಣೆಯ ಮೇಲೆ ಬಿಳಿ ಪುಡಿ. ಎದುರಿಗೆ ಅವಳು ನಿಂತಿದ್ದಳು. ಅವಳ ಎರಡೂ ಕೈಯಲ್ಲಿ ಒಂದು ಹೆಂಗಸಿನ ತಲೆ!

ಗಾಬರಿ ಬೇಡ, ಪಿಂಗಾಣಿ ತಲೆ. ಆ ಕಾರ್ಖಾನೆಯಲ್ಲಿ ಆಗುತ್ತಿದ್ದುದೇ ಅದು. ಸಿನಿಮಾ ತಾರೆಯರ ಮುಖದ ಜಗ್ಗುಗಳು. ಟೋಪಿಯ ಅಂಚೋ ಮುಂಗುರುಳೋ ಜಗ್ಗಿನ ಮೂತಿ ಆಗುತ್ತಿತ್ತು. ಹಿಂದೆ ಹಿಡಿಕೆ. ಹಿಡಿಕೆ ನೋಡಿದ ಕೂಡಲೇ ಇದು ಯಾರು ಅಂತ ಗೊತ್ತಾಗಬೇಕು. ಹಾಸ್ಯನಟನಿಗೆ ಮುರುಕು ಛತ್ರಿ, ಖಳನಾಯಕನಿಗೆ ಚಾಟಿ.

ಈ ಜಗ್ಗಿನಿಂದ ಯಾರೂ ನೀರು ಕುಡಿಯುವುದಿಲ್ಲ. ಸಿನಿಮಾ ಹುಚ್ಚಿನವರು ಹುಡುಕಿ ಹುಡುಕಿ ತಂದು ಗಾಜಿನ ಬೀರುವಿನಲ್ಲಿ ಸಾಲಾಗಿ ಇಡುತ್ತಾರೆ. ಹೆಂಡತಿ ಮಕ್ಕಳಿಗೂ ಮುಟ್ಟಲು ಕೊಡುವುದಿಲ್ಲ.

ಅವಳ ಕೆಲಸ ಆ ಮುಖಗಳಿಗೆ ಬಣ್ಣ ಹಾಕುವುದು. ಅದರಲ್ಲೂ ಕಣ್ಣು. ಮಿಕ್ಕಿದ್ದನ್ನು ಬೇರೆಯವರೂ ತುಂಬುತ್ತಾರೆ, ಕಣ್ಣು ಮಾತ್ರ ಅವಳದೇ. ಹಾಗಾಗಿ ಯಜಮಾನರಿಂದ ಹಿಡಿದು ಭಟ್ಟಿ ಉರಿಸುವ ಮಾವನವರೆಗೆ ಎಲ್ಲರ ಬಾಯಲ್ಲೂ ಅವಳು ಕಣ್ಣಮ್ಮ.

ಅಚ್ಚುಗಾರ ಹೊಸಬ. ಅವಳ ಮೇಜಿನ ಎದುರು, ಕಿಟಕಿ ಪಕ್ಕ ಅವನ ಜಾಗ. ಮಣ್ಣಲ್ಲಿ ಮುಖ ತಿದ್ದುವುದು, ಅದರಿಂದ ಅಚ್ಚು ತೆಗೆಯುವುದು ಅವನ ಕೆಲಸ. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದ ಆಸಾಮಿ. ಇಷ್ಟು ದಿನ ಇಬ್ಬರ ನಡುವೆ ಒಂದು "ಊಟ ಆಯ್ತಾ" ಕೂಡ ಇರಲಿಲ್ಲ. ಇವತ್ತು ಮೊದಲ ಮಾತೇ ಹೀಗೆ.

"ಕೇಳಿದ್ದು ನಿಮ್ಮನ್ನೇ. ಈ ಮುಖ ಎಲ್ಲಿಂದ ತಂದ್ರಿ?"

"ಫೋಟೋ ನೋಡಿ ಮಾಡಿದೆ."

"ಯಾವ ಫೋಟೋ?"

"ಎಲ್ಲರಿಗೂ ಗೊತ್ತಿರೋದೇ. ಮಹಾರಾಣಿಯವರ ದೋಣಿ ಫೋಟೋ."

ಮಹಾರಾಣಿ ಅಂದರೆ ಸಿಂಹಾಸನದ ಮೇಲೆ ಕೂತವಳಲ್ಲ. ಒಂದು ಕಾಲದ ದೊಡ್ಡ ನಾಯಕಿ, ಅಭಿಮಾನಿಗಳು ಪ್ರೀತಿಯಿಂದ ಇಟ್ಟ ಹೆಸರು. ಅವರು ದೋಣಿಯಲ್ಲಿ ಕೂತು, ಕೈಯಲ್ಲಿ ಹುಟ್ಟು ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿದ ಆ ಒಂದು ಚಿತ್ರ ಇಲ್ಲದ ಜಾಗ ಇರಲಿಲ್ಲ. ಕ್ಯಾಲೆಂಡರ್‌ನಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ಸಿನ ಡ್ರೈವರ್ ಸೀಟಿನ ಹಿಂದೆ... ದೋಣಿ ಹುಡುಗಿ ಅಂದರೆ ಸಾಕು, ಮುದುಕರೂ ಒಮ್ಮೆ ನಗುತ್ತಿದ್ದರು.

ಕಣ್ಣಮ್ಮ ಕೈಯಲ್ಲಿದ್ದ ಬಿಳಿ ಮುಖವನ್ನು ಮತ್ತೊಮ್ಮೆ ನೋಡಿದಳು. ಎಡಗಣ್ಣಿನ ಗೂಡು ಬಲಗಣ್ಣಿಗಿಂತ ಒಂದು ಎಳೆ ಆಳ. ಬಯ್ಯುವ ಮುಂಚೆ ಒಳಕ್ಕೆ ಎಳೆದುಕೊಂಡಂತೆ ಇರುವ ಕೆಳತುಟಿ. ಗಲ್ಲದಲ್ಲಿ ಸಣ್ಣ ತಗ್ಗು.

'ಇದು ಮಹಾರಾಣಿ ಅಲ್ಲ. ಇದು ನನ್ನಮ್ಮ.'

"ಈ ಮುಖಕ್ಕೆ ನಾನು ಕಣ್ಣು ಬರೆಯಲ್ಲ," ಅಂದಳು.

ಅಚ್ಚುಗಾರನ ಮುಖ ಕೆಂಪಾಯಿತು. "ಯಾಕೆ? ಏನು ತಪ್ಪಾಗಿದೆ ಹೇಳಿ, ತಿದ್ತೀನಿ."

"ಏನೂ ತಪ್ಪಿಲ್ಲ. ಅದೇ ತೊಂದರೆ."

ಅಷ್ಟು ಹೇಳಿ ತಲೆಯನ್ನು ತನ್ನ ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದಳು. ಭಟ್ಟಿ ಮಾವ ದೂರದಿಂದ ನೋಡಿ, "ಮುಗೀತು ಇವನ ಕಥೆ," ಅಂತ ತಲೆ ಆಡಿಸಿದರು.

ಸಂಜೆ ಅವಳು ಮನೆಗೆ ಬಂದಾಗ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಯಾರದೋ ಪರದೆಯ ಬಟ್ಟೆ ಮಂಚದ ತುಂಬಾ ಹರಡಿತ್ತು. ಅಮ್ಮ ಎಡಗೈಯಿಂದ ಬಲ ಭುಜ ನೀವಿಕೊಳ್ಳುತ್ತಿದ್ದರು. ಆ ಭುಜ ಒಂದು ಕಾಲದಲ್ಲಿ ಕುದುರೆ ಮೇಲಿಂದ ಬಿದ್ದದ್ದು. ಸಿನಿಮಾದಲ್ಲಿ ಬಿದ್ದವಳು ಮಹಾರಾಣಿ. ನಿಜವಾಗಿ ಬಿದ್ದವರು ಅಮ್ಮ.

ಹೌದು, ಅಮ್ಮ ಮಹಾರಾಣಿಯ ಡೂಪ್ ಆಗಿದ್ದರು. ಓಡೋದು, ಬೀಳೋದು, ನೀರಿಗೆ ಹಾರೋದು ಎಲ್ಲ ಅಮ್ಮ. ಅತ್ತು, ನಕ್ಕು, ಚಪ್ಪಾಳೆ ಗಿಟ್ಟಿಸೋದು ಮಹಾರಾಣಿ. ಡೂಪ್‌ನ ಮುಖ ಯಾರಿಗೂ ಕಾಣಬಾರದು. ಅದೇ ಆ ಕೆಲಸದ ನಿಯಮ. ದೋಣಿಯ ದಿನ ಮಾತ್ರ ಆ ನಿಯಮ ತಪ್ಪಿತು. ಕ್ಯಾಮೆರಾಗೆ ಪಕ್ಕದಿಂದ ಮುಖ ಕಂಡಿತು. ಆ ಮುಖವೇ ಮನೆ ಮನೆಯ ಗೋಡೆ ಹತ್ತಿತು, ಬೇರೆಯವರ ಹೆಸರಲ್ಲಿ.

ಇನ್ನೂ ಸರಿಯಾಗಿ ಮಾತು ಬಾರದ ವಯಸ್ಸಲ್ಲಿ ಕಣ್ಣಮ್ಮ ಅಂಗಡಿಯ ಕ್ಯಾಲೆಂಡರ್ ತೋರಿಸಿ "ಅಮ್ಮ" ಅಂದಿದ್ದಳಂತೆ. ಅಮ್ಮ ಅವಳ ಬಾಯಿ ಮುಚ್ಚಿ ಎತ್ತಿಕೊಂಡು ಬಂದಿದ್ದರಂತೆ.

"ಅಮ್ಮ, ನಮ್ಮಲ್ಲಿ ದೋಣಿ ಹುಡುಗಿ ಜಗ್ಗು ಮಾಡ್ತಿದ್ದಾರೆ."

ಯಂತ್ರದ ಸದ್ದು ನಿಂತಿತು. ಮರುಕ್ಷಣ ಮತ್ತೆ ಶುರುವಾಯಿತು.

"ಮಾಡ್ಲಿ ಬಿಡು. ಚೆನ್ನಾಗಿರೋ ಫೋಟೋ."

"ಅಡಿಯಲ್ಲಿ ಮಹಾರಾಣಿ ಹೆಸರು ಒತ್ತುತ್ತಾರೆ."

"ಮತ್ತೆ ಯಾರ ಹೆಸರು ಒತ್ತಬೇಕು? ನಿಮ್ಮ ಭಟ್ಟಿ ಮಾವಂದಾ?"

"ಅಮ್ಮ, ತಮಾಷೆ ಬೇಡ. ಕಣ್ಣು ಬರೀಬೇಕಾದವಳು ನಾನು. ನನ್ನಮ್ಮನ ಮುಖಕ್ಕೆ ನಾನೇ ಕಣ್ಣು ಬರೆದು, ಬೇರೆಯವರ ಹೆಸರಲ್ಲಿ ಕಳಿಸ್ಬೇಕಾ? ನನ್ನ ಕೈಯಲ್ಲಿ ಆಗಲ್ಲ. ನಿನ್ನ ಹೆಸರು ಬರಬೇಕು."

ಅಮ್ಮ ದಾರ ಕಡಿದು ಕನ್ನಡಕ ತೆಗೆದರು. "ನೋಡು. ಸಿನಿಮಾ ಬರೋ ಮುಂಚೆ ಅವಳು ನನ್ನ ಕೈ ಹಿಡಿದು ಕೇಳಿದ್ಲು, ಯಾರಿಗೂ ಹೇಳಬೇಡ ಅಂತ. ನಾನು ಹೂಂ ಅಂದೆ. ಅಲ್ಲಿಗೆ ಮುಗೀತು. ಕೊಟ್ಟ ಮಾತು ನನಗೆ ವಯಸ್ಸಾಯ್ತು ಅಂತ ಹಳಸಲ್ಲ."

"ಮಾತು ಕೊಟ್ಟವಳು ನೀನು. ನಾನಲ್ಲ."

"ನಿನ್ನ ಬಾಯಿ ನಂದೇ ಹೊಟ್ಟೆಯಿಂದ ಬಂದಿದ್ದು. ಸುಮ್ನೆ ಕೈಕಾಲು ತೊಳ್ಕೊಂಡು ಬಾ."

ಅವಳು ಕೈಕಾಲು ತೊಳೆಯುತ್ತಾ ಹಲ್ಲು ಕಚ್ಚಿದಳು. 'ಅಮ್ಮನ ಮಾತು ಅಮ್ಮಂಗೆ ಇರ್ಲಿ. ಬೇರೆ ಹೆಸರಲ್ಲಿ ಈ ಮುಖ ಹೊರಗೆ ಹೋಗಲ್ಲ. ಹೋಗೋಕೆ ನಾನು ಬಿಡಲ್ಲ.'

ಹಿಡಿದ ಪಟ್ಟು ಬಿಡದ ಗುಣ ಅವಳಿಗೆ ಎಲ್ಲಿಂದ ಬಂತು ಅಂತ ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಅಚ್ಚುಗಾರ ತಾನಾಗಿ ಅವಳ ಮೇಜಿನ ಹತ್ತಿರ ಬಂದ. ರಾತ್ರಿ ನಿದ್ದೆ ಮಾಡಿದ ಲಕ್ಷಣ ಮುಖದಲ್ಲಿರಲಿಲ್ಲ.

"ನನ್ನ ಕೆಲಸ ನಿಮಗೆ ಹಿಡಿಸಲಿಲ್ಲ ಅಂದ್ರೆ ನೇರವಾಗಿ ಹೇಳಿ," ಅಂದ. "ಎಲ್ಲರೆದುರು ಹಾಗೆ ಹೇಳಿ ಹೋದ್ರೆ ನಾನೇನು ಅಂದ್ಕೋಬೇಕು?"

"ನಿಮ್ಮ ಕೆಲಸದ ಬಗ್ಗೆ ನಾನೇನೂ ಅಂದಿಲ್ಲ."

"ಆ ಮುಖಾನ ನಾನು ಸುಮ್ನೆ ಮಾಡಿಲ್ಲ." ಅವನು ಸ್ಟೂಲು ಎಳೆದು ಕೂತ. ಮಾತಾಡಿ ಅಭ್ಯಾಸವಿಲ್ಲದ್ದಕ್ಕೆ ಒಂದೊಂದು ಮಾತಿಗೂ ತಡೆಯುತ್ತಿದ್ದ. "ಅಪ್ಪನ ಸೈಕಲ್ ರಿಪೇರಿ ಅಂಗಡೀಲಿ ಆ ಕ್ಯಾಲೆಂಡರ್ ಇತ್ತು. ಅಮ್ಮ ಇರಲಿಲ್ಲ ನನಗೆ. ಶಾಲೆಯಿಂದ ಬಂದು ಅಪ್ಪನ ಕೆಲಸ ಮುಗಿಯೋ ತನಕ ಅದನ್ನೇ ನೋಡ್ತಾ ಕೂರ್ತಿದ್ದೆ. ಮೊದಲ ಸಲ ಮಣ್ಣು ಕೈಗೆ ಸಿಕ್ಕಾಗ ಮಾಡಿದ್ದೂ ಅದೇ ಮುಖ. ಮಹಾರಾಣಿಯವರ ಬೇರೆ ಫೋಟೋಗಳೂ ಕೊಟ್ಟಿದ್ರು ಯಜಮಾನ್ರು. ಅವು ಯಾಕೋ ಇದಕ್ಕೆ ಹೊಂದ್ತಾನೇ ಇರಲಿಲ್ಲ. ಪಕ್ಕಕ್ಕಿಟ್ಟು, ದೋಣಿ ಫೋಟೋ ಒಂದನ್ನೇ ನಂಬಿ ಮಾಡಿದೆ."

ಕಣ್ಣಮ್ಮನಿಗೆ ಬಾಯಿ ಮುಚ್ಚಿಕೊಂಡಿರಬೇಕು ಅಂತ ಎಷ್ಟು ಅಂದುಕೊಂಡರೂ ಆಗಲಿಲ್ಲ.

"ಹೊಂದದೆ ಇರೋಕೆ ಕಾರಣ ಇದೆ," ಅಂದಳು ಮೆಲ್ಲಗೆ. "ಅದು ಅವರ ಮುಖ ಅಲ್ಲ. ನನ್ನಮ್ಮಂದು."

ಅವನು ರೆಪ್ಪೆ ಬಡಿಯದೆ ನೋಡಿದ. ಅವಳು ಎಲ್ಲ ಹೇಳಿದಳು. ಡೂಪ್, ಕುದುರೆ, ದೋಣಿ, ಕೊಟ್ಟ ಮಾತು. ಹೇಳಿ ಮುಗಿದಾಗ ಅವನು ಏನಾದರೂ ಅನ್ನುತ್ತಾನೆ ಅಂತ ಕಾದಳು.

ಅವನು ಎದ್ದ. ಸ್ಟೂಲು ಇದ್ದ ಜಾಗಕ್ಕೇ ಇಟ್ಟ. ಹೋದ.

'ನಂಬಲಿಲ್ಲ,' ಅಂದುಕೊಂಡಳು ಅವಳು. 'ಅಥವಾ ನಂಬಿದರೂ ಅವನಿಗೆ ಬೇಕಾಗಿರೋದು ಮಹಾರಾಣಿ. ಹೊಲಿಗೆ ಹಾಕೋ ಹೆಂಗಸು ಅಲ್ಲ.' ಆ ಯೋಚನೆ ಯಾಕೆ ಅಷ್ಟು ನೋವು ಕೊಟ್ಟಿತು ಅಂತ ಅವಳಿಗೇ ತಿಳಿಯಲಿಲ್ಲ.

ಮರುದಿನ ಬೆಳಗ್ಗೆ ಕಾರ್ಖಾನೆಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಅವನ ಜಾಗ ಖಾಲಿ. ನೆಲದ ಮೇಲೆ ಅಚ್ಚಿನ ಚೂರುಗಳು. ಒಂದು ಚೂರಿನ ಒಳಗೆ ಅರ್ಧ ತುಟಿ, ಇನ್ನೊಂದರಲ್ಲಿ ಕಿವಿ. ಹಲಗೆ ಮೇಲಿದ್ದ ಮಣ್ಣಿನ ಮುಖವನ್ನು ತಂತಿ ಹಾಕಿ ಅಡ್ಡಡ್ಡ ಕತ್ತರಿಸಿ ಮುದ್ದೆ ಮಾಡಿ ಒದ್ದೆ ಗೋಣಿ ಹೊದಿಸಲಾಗಿತ್ತು.

ಯಜಮಾನರು ಕೆಂಡಾಮಂಡಲ ಆಗಿದ್ದರು. "ನಿಮ್ಮ ಅಚ್ಚುಗಾರನಿಗೆ ತಲೆ ಕೆಟ್ಟಿದೆ, ಕಣ್ಣಮ್ಮ. ನಿನ್ನೆ ಸಂಜೆ ಅಚ್ಚು ಒಡೆದು ಹಾಕಿ ಹೋದ. ಮಹಾರಾಣಿಯವರ ಒಪ್ಪಿಗೆಗೆ ಮಾದರಿ ಕಳಿಸ್ಬೇಕು ನಾನು. ಏನು ಕಳಿಸ್ಲಿ, ನನ್ನ ತಲೇನಾ?"

"ಯಾಕೆ ಒಡೆದ್ರಂತೆ?"

ಯಜಮಾನರು ಬೇರೆ ಕಡೆ ನೋಡಿದರು. "ಯಾರಿಗೆ ಗೊತ್ತು? ಇನ್ನೊಬ್ಬನನ್ನ ಕರೆಸ್ತೀನಿ. ಬೇರೆ ಫೋಟೋ ನೋಡಿ ಮಾಡಿದ್ರಾಯ್ತು."

ಅವರಿಗೆ ಕಾರಣ ಚೆನ್ನಾಗಿ ಗೊತ್ತಿತ್ತು. ಹೇಳಲು ಮನಸ್ಸಿರಲಿಲ್ಲ, ಅಷ್ಟೆ.

ಕಣ್ಣಮ್ಮ ಚೂರುಗಳ ಮುಂದೆ ಕೂತಳು. 'ನಿನ್ನ ಹತ್ರ ಹೇಳಿದ್ದೇ ನನ್ನ ತಪ್ಪು. ನಿನ್ನ ಮಹಾರಾಣಿ ಅಲ್ಲ ಅಂತ ಗೊತ್ತಾದ ಕೂಡಲೇ ಒಡೆದು ಹಾಕಿಬಿಟ್ಟೆಯಲ್ಲ... ನನ್ನಮ್ಮನ ಮುಖ ಎಲ್ಲರೂ ಅಳಿಸೋರೇ. ನೀನೂ.'

ಎಷ್ಟೋ ಹೊತ್ತು ಅತ್ತಳು ಅಂತ ಬರೆಯಬಹುದಿತ್ತು. ಅವಳು ಅಳಲಿಲ್ಲ. ಎದ್ದು ಖಾನೆಯ ಬೀಗ ತೆಗೆದಳು. ಮೊದಲ ಎರಕದ ಆ ಬಿಳಿ ತಲೆ ಒಂದೇ ಈಗ ಉಳಿದಿತ್ತು. ಅದನ್ನು ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು.

"ಎಲ್ಲಿಗೆ ಹೊರಟೆ ತಾಯಿ?" ಭಟ್ಟಿ ಮಾವ ಕೇಳಿದರು.

"ಮಹಾರಾಣಿ ಹತ್ರ."

"ಅವರು ಯಾರನ್ನೂ ನೋಡಲ್ಲವಂತೆ."

"ನನ್ನನ್ನ ನೋಡೋದು ಬೇಡ. ಇವಳನ್ನ ನೋಡ್ಲಿ," ಅಂದು ಚೀಲ ತಟ್ಟಿದಳು.

ಬಸ್ಸಿನಲ್ಲಿ ಚೀಲವನ್ನು ತೊಡೆ ಮೇಲಿಟ್ಟುಕೊಂಡು ಕೂತಳು. ಹಳ್ಳ ಬಂದಾಗಲೆಲ್ಲ ಎರಡೂ ಕೈಯಿಂದ ಅಪ್ಪಿ ಹಿಡಿದಳು. ಪಕ್ಕದಲ್ಲಿ ಕೂತ ಹೆಂಗಸು "ಮಗುನಾ?" ಅಂತ ಕೇಳಿಯೇಬಿಟ್ಟಳು. "ಅಮ್ಮ," ಅಂದಳು ಇವಳು. ಆ ಹೆಂಗಸು ಮುಂದಿನ ಸ್ಟಾಪಿನಲ್ಲಿ ಸೀಟು ಬದಲಾಯಿಸಿದಳು.

ಮಹಾರಾಣಿಯ ಮನೆಯ ಗೇಟು ಎತ್ತರವಾಗಿತ್ತು. ಬಣ್ಣ ಅಲ್ಲಲ್ಲಿ ಎದ್ದಿತ್ತು. ಗೇಟಿನ ಪಕ್ಕ ಕಲ್ಲುಕಟ್ಟೆ. ಕಟ್ಟೆ ಮೇಲೆ ಒಬ್ಬ ಗಂಡಸು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದ.

ಅಚ್ಚುಗಾರ!

"ನೀವಿಲ್ಲೇನು ಮಾಡ್ತಿದ್ದೀರಿ? ಒಡೆದಿದ್ದು ಸಾಲದು ಅಂತ, ನಿಜವಾದ ಮುಖ ನೋಡಿ ಮಾಡೋಕೆ ಬಂದ್ರಾ?"

ಅವನು ಎದ್ದು ನಿಂತ. "ಬೆಳಗ್ಗೆಯಿಂದ ಕೂತಿದ್ದೀನಿ. ಒಳಗೆ ಬಿಡ್ತಿಲ್ಲ."

"ಯಾಕೆ ಒಡೆದ್ರಿ? ಅದನ್ನ ಹೇಳಿ ಮೊದಲು."

"ನಿನ್ನೆ ನಿಮ್ಮ ಹತ್ರ ಮಾತಾಡಿ ನೇರವಾಗಿ ಯಜಮಾನ್ರ ಹತ್ರ ಹೋದೆ. ಇದು ಮಹಾರಾಣಿ ಅಲ್ಲ, ಹೆಸರು ಬದಲಾಯಿಸಿ ಅಂದೆ. ಅವರು ನಕ್ಕರು. ಡೂಪ್ ಹೆಸರಿನ ಜಗ್ಗು ಯಾರು ತಗೋತಾರೆ, ಯಾರಿಗೂ ಗೊತ್ತಾಗಲ್ಲ, ನಾಳೆಯಿಂದಲೇ ಎರಕ ಶುರು ಮಾಡು ಅಂದ್ರು. ಅಚ್ಚು ಇದ್ರೆ ಎರಕ ಹೊಯ್ದೇ ಹೊಯ್ತಾರೆ, ಕಣ್ಣಮ್ಮ. ನಾನಲ್ಲದಿದ್ರೆ ಇನ್ನೊಬ್ಬ. ಕಣ್ಣು ನೀವಲ್ಲದಿದ್ರೆ ಇನ್ನೊಬ್ಬರು ಬರೀತಾರೆ. ಬೇರೆ ಹೆಸರಲ್ಲಿ ಒಂದೂ ಹೊರಗೆ ಹೋಗಬಾರ್ದು ಅಂತ ಒಡೆದೆ."

ಅವಳಿಗೆ ಇಷ್ಟು ಹೊತ್ತು ಮನಸ್ಸಿನಲ್ಲೇ ಬೈದ ಬೈಗುಳವೆಲ್ಲ ಒಂದೊಂದಾಗಿ ನೆನಪಾಗಿ ಮುಖ ಬಿಸಿಯಾಯಿತು.

"ಹೇಳಿ ಹೋಗೋಕೆ ಏನಾಗಿತ್ತು?"

"ಏನು ಹೇಳಲಿ? ಹುಟ್ಟಿದಾಗಿಂದ ನೋಡಿದ ಮುಖಾನ ನಾನೇ ಕತ್ತರಿಸ್ತೀನಿ ಅಂತಾನಾ?" "ಮೊದಲು ಇವರಿಂದ ಸತ್ಯ ಹೇಳಿಸಿ, ಆಮೇಲೆ ನಿಮ್ಮ ಹತ್ರ ಬರೋಣ ಅಂದ್ಕೊಂಡೆ. ಆದ್ರೆ ತೋರಿಸೋಕೆ ನನ್ನ ಹತ್ರ ಏನೂ ಇಲ್ಲ. ಎಲ್ಲ ಒಡೆದು ಬಂದಿದ್ದೀನಲ್ಲ, ಬುದ್ಧಿವಂತ."

ಅವಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನೂ ತೋರಿಸದೆ ಚೀಲದಿಂದ ಟವೆಲು ಬಿಚ್ಚಿದಳು. ಬಿಳಿ ಮುಖ ಬಿಸಿಲಿಗೆ ಹೊಳೆಯಿತು. ಅವನು ಕೈ ಚಾಚಿ ಅದರ ಕೆನ್ನೆ ಮುಟ್ಟಿದ.

ಕಣ್ಣಮ್ಮ ತಲೆಯನ್ನು ಗೇಟಿನ ಸಂದಿಯಿಂದ ಕಾವಲುಗಾರನಿಗೆ ಕೊಟ್ಟಳು. "ನಮ್ಮನ್ನ ಒಳಗೆ ಬಿಡಬೇಡಿ. ಇದನ್ನ ಅಮ್ಮಾವ್ರಿಗೆ ತೋರಿಸಿ ಬನ್ನಿ, ಸಾಕು. ಬೀಳಿಸಿದ್ರೆ ಮಾತ್ರ ನಾನು ಗೇಟು ಹಾರಿ ಬರ್ತೀನಿ."

ಕಾವಲುಗಾರ ಅವಳನ್ನು ಮೇಲಿಂದ ಕೆಳಗೆ ನೋಡಿದ. ಹಾರುವವಳೇ ಅನ್ನಿಸಿರಬೇಕು. ಎರಡೂ ಕೈಯಲ್ಲಿ ಹಿಡಿದು ಹೋದ. ವಾಪಸ್ ಬಂದವನು ಗೇಟು ತೆರೆದ.

ಮಹಾರಾಣಿ ಕಿಟಕಿ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಕೂದಲು ಬೆಳ್ಳಗೆ, ಬೆನ್ನು ಮಾತ್ರ ನೆಟ್ಟಗೆ. ತಲೆ ಅವರ ಮಡಿಲಲ್ಲಿತ್ತು. ಗೋಡೆ ತುಂಬಾ ಅವರ ಹಳೆಯ ಚಿತ್ರಗಳು. ದೋಣಿಯ ಚಿತ್ರ ಮಾತ್ರ ಅಲ್ಲಿರಲಿಲ್ಲ.

"ಚೆನ್ನಾಗಿ ಮಾಡಿದ್ದೀರಿ," ಅಂದರು. "ನನ್ನ ವಯಸ್ಸಿನ ಕಾಲದ ಮುಖ. ಒಪ್ಪಿಗೆ ತಾನೇ ಬೇಕಿರೋದು? ಕೊಟ್ಟೆ ಅಂತ ನಿಮ್ಮ ಯಜಮಾನರಿಗೆ ಹೇಳಿ."

"ಇದು ನಿಮ್ಮ ಮುಖ ಅಲ್ಲ," ಅಂದಳು ಕಣ್ಣಮ್ಮ.

"ಮತ್ತೆ ಯಾರದು?"

"ನನ್ನಮ್ಮಂದು. ನಿಮ್ಮ ಬದಲು ಬೀಳ್ತಿದ್ದಳಲ್ಲ, ಅವಳದು. ಅಮ್ಮ ನನ್ನ ಕಳಿಸಿಲ್ಲ. ಅವಳು ಇವತ್ತಿಗೂ ನಿಮಗೆ ಕೊಟ್ಟ ಮಾತು ಕಾಯ್ತಿದ್ದಾಳೆ. ನಾನೇ ಬಂದೆ."

ಮಹಾರಾಣಿಯ ಹುಬ್ಬು ಮೇಲೇರಿತು. ಒಂದು ಕಾಲದಲ್ಲಿ ಆ ಹುಬ್ಬಿಗೆ ನಿರ್ದೇಶಕರೇ ಹೆದರುತ್ತಿದ್ದರಂತೆ.

"ನನಗೆ ನೆನಪಿಲ್ಲ," ಅಂದರು. "ಎಷ್ಟೋ ಜನ ಬಂದ್ರು, ಹೋದ್ರು. ದೋಣಿಯಲ್ಲಿ ಇದ್ದಿದ್ದು ನಾನೇ. ಊರಿಗೆಲ್ಲ ಗೊತ್ತಿದೆ. ನೀವಿನ್ನು ಹೊರಡಿ."

ಅಚ್ಚುಗಾರ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಸರಿಯಲಿಲ್ಲ. ಕುರ್ಚಿಯ ಮುಂದೆ ಮಂಡಿಯೂರಿ ಕೂತಳು.

"ಸರಿ, ನೀವೇ ಇದ್ರಿ. ಹಾಗಿದ್ರೆ ನನ್ನ ಕೆಲಸಕ್ಕೆ ಒಂದು ಸಹಾಯ ಮಾಡಿ. ನಾನು ಕಣ್ಣು ಬರೆಯೋಳು. ಕಣ್ಣಿನ ಗೊಂಬೆ ಒಂದು ಕೂದಲೆಳೆ ಆಚೆ ಈಚೆ ಆದ್ರೆ ಮುಖವೇ ಸುಳ್ಳಾಗುತ್ತೆ. ಫೋಟೋದಲ್ಲಿ ಕಣ್ಣು ಸರಿಯಾಗಿ ಕಾಣಲ್ಲ, ನೆರಳು ಬಿದ್ದಿದೆ. ಆ ದೋಣಿಯಲ್ಲಿ ಕೂತಾಗ ನೀವು ಏನನ್ನ ನೋಡ್ತಿದ್ರಿ ಹೇಳಿ. ಹಾಗೇ ಬರೀತೀನಿ."

ಮಹಾರಾಣಿ ಬಾಯಿ ತೆರೆದರು. ಮುಚ್ಚಿದರು.

ಅವರು ಮಡಿಲಲ್ಲಿದ್ದ ಮುಖವನ್ನು ನಿಧಾನವಾಗಿ ಪಕ್ಕಕ್ಕೆ ತಿರುಗಿಸಿದರು. ಫೋಟೋದಲ್ಲಿ ಇದ್ದ ಹಾಗೇ. ಆಮೇಲೆ ಅದರ ತಲೆ ಮೇಲೆ ಕೈ ಇಟ್ಟರು.

"ನನ್ನನ್ನ ನೋಡ್ತಿದ್ಲು," ಅಂದರು.

ಕಣ್ಣಮ್ಮ ಮುಂದಕ್ಕೆ ಬಾಗಿದಳು.

"ನೀರು ಅಂದ್ರೆ ನನಗೆ ಪ್ರಾಣಭಯ. ದೋಣಿಗೆ ಕಾಲಿಡೋ ಮುಂಚೆ ಕೈಕಾಲು ನಡುಗಿ ಬಿದ್ದುಬಿಟ್ಟೆ. ದಡದಲ್ಲಿ ಮಲಗಿಸಿದ್ರು. ಅವಳು ಏನೂ ಹೇಳದೆ ನನ್ನ ಸೀರೆ ಉಟ್ಟು ದೋಣಿ ಹತ್ತಿದ್ಲು. ನನಗೆ ಹುಷಾರಾಯ್ತೋ ಇಲ್ವೋ ಅಂತ ದಡದ ಕಡೆಗೇ ನೋಡ್ತಿದ್ಲು. ಊರೆಲ್ಲ ಅದನ್ನ ಪ್ರಿಯಕರನ ದಾರಿ ಕಾಯೋ ನೋಟ ಅಂದ್ರು." ಅವರು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. "ಇವತ್ತಿಗೂ ಬಂದವರೆಲ್ಲ ಆ ಫೋಟೋ ಹೊಗಳ್ತಾರೆ. ಥ್ಯಾಂಕ್ಸ್ ಅಂತೀನಿ. ಪ್ರತಿ ಸಲ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗೆ ಆಗುತ್ತೆ. ನಾನೇ ಕೈ ಹಿಡಿದು ಹೇಳಬೇಡ ಅಂದಿದ್ದೆ. ಅವಳಾದ್ರೂ ಒಂದು ದಿನ ಜಗಳಕ್ಕೆ ಬರ್ತಾಳೆ ಅಂತ ಕಾದೆ. ಬರಲೇ ಇಲ್ಲ."

"ಅವಳು ಬರಲ್ಲ. ಅದಕ್ಕೇ ನಾನು ಬಂದೆ."

"ನಾನು ಇಲ್ಲ ಅಂದಿದ್ರೆ?"

"ನಾಳೆ ಮತ್ತೆ ಬರ್ತಿದ್ದೆ."

ಮಹಾರಾಣಿ ಅವಳ ಗಲ್ಲ ಹಿಡಿದು ಎತ್ತಿ ನೋಡಿದರು. "ಅವಳ ಮಗಳೇ ಹೌದು. ಫೋನ್ ಹಚ್ಚು ನಿಮ್ಮಮ್ಮಂಗೆ."

ಫೋನಿನ ಆ ಕಡೆ ಅಮ್ಮನ "ಹಲೋ" ಕೇಳಿಸಿತು, ಜೊತೆಗೆ ಹೊಲಿಗೆ ಯಂತ್ರದ ಸದ್ದು.

"ನಾನು ಕಣೇ," ಅಂದರು ಮಹಾರಾಣಿ. "ದಡದಲ್ಲಿ ಮಲಗಿದ್ದವಳು."

ಯಂತ್ರ ನಿಂತಿತು.

"ಹುಷಾರಾಯ್ತಾ?" ಅಂದರು ಅಮ್ಮ.

ಮಹಾರಾಣಿಯ ಕಣ್ಣಿಂದ ನೀರು ದಳದಳ ಇಳಿಯಿತು. ಸಿನಿಮಾದಲ್ಲಿ ಎಷ್ಟೋ ಸಲ ಚೆಂದವಾಗಿ ಅತ್ತವರು ಈಗ ಮೂಗು ಸೊರಸೊರ ಅನ್ನಿಸುತ್ತಾ ಅತ್ತರು. "ಈಗ ಆಯ್ತು. ನೀನು ಕೊಟ್ಟ ಮಾತು ನಿನಗೇ ವಾಪಸ್ ಕೊಟ್ಟೆ. ಇನ್ನು ಯಾರಿಗೆ ಬೇಕಾದ್ರೂ ಹೇಳು."

ಆಮೇಲೆ ಅವರು ಯಜಮಾನರಿಗೆ ಫೋನ್ ಮಾಡಿದರು. ಅಲ್ಲಿ ಹೆಚ್ಚು ಮಾತಿರಲಿಲ್ಲ. ದೋಣಿ ಹುಡುಗಿಯ ಜಗ್ಗು ಮೊದಲು, ಅವಳದೇ ಹೆಸರಲ್ಲಿ. ಅದು ಬಂದ ಮೇಲೆ ತನ್ನ ಮುಖ. ಅದಿಲ್ಲದಿದ್ದರೆ ತನ್ನ ಮುಖವೂ ಇಲ್ಲ. ಯಜಮಾನರು "ಹೌದಮ್ಮ, ಹೌದಮ್ಮ" ಅಂದದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು. ಚೀಲ ಈಗ ಅವನ ಕೈಯಲ್ಲಿತ್ತು.

"ಇದರಿಂದಲೇ ಅಚ್ಚು ತೆಗೀಬಹುದಾ?" ಅವಳು ಕೇಳಿದಳು.

"ಇಲ್ಲ. ಬೆಂಕಿಗೆ ಹೋಗಿ ಬಂದ ಮಣ್ಣು ಕುಗ್ಗಿರುತ್ತೆ. ಇದರಿಂದ ತೆಗೆದ್ರೆ ಮುಖ ಚಿಕ್ಕದಾಗುತ್ತೆ. ಮೊದಲಿಂದ ಮಾಡ್ಬೇಕು." ಅವನು ಸ್ವಲ್ಪ ತಡೆದ. "ಅದಕ್ಕೆ ನೀವು ದಿನಾ ನನ್ನ ಎದುರು ಕೂರಬೇಕು."

"ನಾನ್ಯಾಕೆ? ಕೂರಿಸೋದಾದ್ರೆ ಅಮ್ಮನ್ನ ಕೂರಿಸಿ."

"ಫೋಟೋದಲ್ಲಿ ಇರೋದು ಒಂದು ಪಕ್ಕ ಮಾತ್ರ. ಎದುರಿನ ಮುಖ ಇಲ್ಲ. ಇನ್ನೊಂದು ಕಣ್ಣು, ಗಲ್ಲದ ತಗ್ಗು, ತುಟಿ... ಅದ್ಯಾವುದೂ ಇಲ್ಲ." ಅವನು ನೆಲ ನೋಡುತ್ತಲೇ ಹೇಳಿದ. "ಗೊತ್ತಾಗದೆ ಇದ್ದಾಗಲೆಲ್ಲ ತಲೆ ಎತ್ತುತ್ತಿದ್ದೆ. ಎದುರಿಗೆ ನೀವು ಕೂತು ಬಣ್ಣ ಹಾಕ್ತಿರ್ತಿದ್ರಿ. ನಿಮ್ಮನ್ನ ನೋಡಿದ್ರೆ ಕೈ ತಾನಾಗಿ ಹೋಗ್ತಿತ್ತು. ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಮಹಾರಾಣಿ ಮುಖ ಮಾಡ್ತಿದ್ದೀನಿ, ಇವರನ್ನ ಯಾಕೆ ನೋಡ್ತಿದ್ದೀನಿ ಅಂತ ನನ್ನನ್ನ ನಾನೇ ಬೈಕೊಂಡಿದ್ದೀನಿ. ಆಮೇಲೆ ಮಣ್ಣಿನ ಕೆಲಸ ಮುಗಿದ ಮೇಲೂ ನೋಡೋದು ನಿಲ್ಲಲಿಲ್ಲ."

ಅವಳು ಅವನ ಕಡೆ ತಿರುಗಿದಳು.

"ನೀವು ಬಂದು ಮುಖ ಎಲ್ಲಿಂದ ತಂದ್ರಿ ಅಂದ್ರಲ್ಲ, ಕಳ್ಳ ಸಿಕ್ಕಿಬಿದ್ದ ಅಂತ ನನ್ನ ಜೀವವೇ ಹೋಯ್ತು. ಫೋಟೋ ಅಂದೆ. ಅರ್ಧ ಸುಳ್ಳು."

ಬಸ್ಸು ಬಂತು. ಅವಳು ಹತ್ತಲಿಲ್ಲ. ಅದು ಹೋಯಿತು. 'ಇವನಿಗೆ ಇಷ್ಟು ಮಾತು ಬರುತ್ತಾ?' ಅಂತ ಅವಳ ಮನಸ್ಸು ಬೇಡದ ವಿಷಯವನ್ನೇ ಯೋಚಿಸುತ್ತಿತ್ತು.

"ಮೊದಲು ಅಮ್ಮನ ಕೆಲಸ ಮುಗೀಲಿ," ಅಂದಳು. "ಆಮೇಲೆ ನನ್ನ ಮಾತು."

"ಕಾಯ್ತೀನಿ," ಅಂದ ಅವನು.

ಅವನು ಮುಖವನ್ನು ಮೊದಲಿಂದ ಮಾಡಿದ. ಈ ಸಲ ಕದ್ದು ನೋಡಲಿಲ್ಲ. ಹಿಡಿಕೆಗೆ ದೋಣಿಯ ಹುಟ್ಟು. ಹೊಸ ಅಚ್ಚು, ಹೊಸ ಎರಕ. ಅವಳು ಕಣ್ಣು ಬರೆದಳು, ದಡದ ಮೇಲೆ ಯಾರಿಗೋ ಎಚ್ಚರವಾಗುವುದನ್ನು ಕಾಯುವ ಕಣ್ಣು. ಬರೆದು ಮುಗಿಸಿ ಕುಂಚ ತೊಳೆಯುವಾಗ ಭಟ್ಟಿ ಮಾವನೇ ಬಂದು ನೀರಿನ ಬಟ್ಟಲು ಹಿಡಿದುಕೊಂಡರು.

ಭಟ್ಟಿ ತೆರೆಯುವ ದಿನ ಅಮ್ಮ ಕಾರ್ಖಾನೆಗೆ ಬಂದರು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದರು. "ಸುಮ್ನೆ ಈ ಕಡೆ ಕೆಲಸ ಇತ್ತು, ಬಂದೆ," ಅಂತ ಯಾರೂ ಕೇಳದೆಯೇ ಹೇಳಿದರು.

ಯಜಮಾನರು ಕುರ್ಚಿ ತರಿಸಿದರು. ಭಟ್ಟಿ ಮಾವ ಇನ್ನೂ ಬೆಚ್ಚಗಿದ್ದ ಜಗ್ಗನ್ನು ತಂದು ಅಮ್ಮನ ಕೈಗೆ ಕೊಟ್ಟರು. ಎಲ್ಲರೂ ಸುತ್ತ ನಿಂತರು.

ಅಮ್ಮ ಮುಖ ನೋಡಲಿಲ್ಲ. ಕನ್ನಡಕ ಏರಿಸಿ ಮೊದಲು ಜಗ್ಗನ್ನು ಬೋರಲು ಹಾಕಿದರು. ಅಡಿಯಲ್ಲಿ ನೀಲಿ ಅಕ್ಷರದಲ್ಲಿ ಅವರ ಹೆಸರಿತ್ತು, ಅವರಪ್ಪ ಇಟ್ಟ ಪೂರ್ತಿ ಹೆಸರು. ಅಮ್ಮ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು.

"ಅಳಿಸಿಹೋಗುತ್ತಾ ಇದು?" ಅಂತ ಕೇಳಿದರು.

"ಇಲ್ಲಮ್ಮ," ಅಂದ ಅಚ್ಚುಗಾರ. "ಬೆಂಕಿಗೆ ಹೋಗಿ ಬಂದಿದೆ. ಇನ್ನು ಯಾರಿಗೂ ಅಳಿಸೋಕಾಗಲ್ಲ."

ಅಮ್ಮ ತಲೆ ಆಡಿಸಿದರು. ಮತ್ತೆ ಮತ್ತೆ ತಲೆ ಆಡಿಸಿದರು. ಜಗ್ಗನ್ನು ಎದೆಗೆ ಒತ್ತಿಕೊಂಡು, ಮುಖ ಸೆರಗಿನಲ್ಲಿ ಮುಚ್ಚಿಕೊಂಡು ಅತ್ತುಬಿಟ್ಟರು. ಕುದುರೆ ಮೇಲಿಂದ ಬಿದ್ದಾಗಲೂ ಅಳದ ಹೆಂಗಸು.

ಕಣ್ಣಮ್ಮ ಅವರ ಕಾಲ ಬಳಿ ಕೂತು ಮಂಡಿಗೆ ತಲೆ ಇಟ್ಟಳು. ಅಮ್ಮ ಮಗಳ ಕೂದಲಲ್ಲಿ ಬೆರಳಾಡಿಸಿದರು. "ಹಟಮಾರಿ," ಅಂದರು. "ನನ್ನ ಮಾತು ಕೇಳದೆ ಇದ್ದಿದ್ದು ಒಳ್ಳೇದಾಯ್ತು." ಆಮೇಲೆ ಮೂಗು ಒರೆಸಿಕೊಂಡು ಅಚ್ಚುಗಾರನ ಕಡೆ ತಿರುಗಿದರು. "ನೀನೇನಪ್ಪ ಅಲ್ಲಿ ಕಂಬದ ಹಿಂದೆ ನಿಂತಿದ್ದೀಯ? ಅವಳು ಮನೆಯಲ್ಲಿ ದಿನಾ ನಿನ್ನ ವಿಷಯವೇ ಮಾತಾಡ್ತಾಳೆ. ಬೈಯ್ತಾಳೆ ಅಂತಿಟ್ಕೋ. ಆದ್ರೆ ದಿನಾ."

ಭಟ್ಟಿ ಮಾವನಿಗೆ ಕೆಮ್ಮು ಬಂತು. ಎಲ್ಲರಿಗೂ ಒಮ್ಮೆಲೇ ಬೇರೆ ಕೆಲಸ ನೆನಪಾಯಿತು. ಯಜಮಾನರು ಅಮ್ಮನನ್ನು ಉಳಿದ ಜಗ್ಗುಗಳನ್ನು ತೋರಿಸಲು ಕರೆದುಕೊಂಡು ಹೋದರು.

ಕಿಟಕಿಯ ಹತ್ತಿರ ಇಬ್ಬರೇ ಉಳಿದರು.

"ಅಮ್ಮನ ಕೆಲಸ ಮುಗೀತು," ಅಂದ ಅವನು.

"ಮುಗೀತು."

"ಈಗ ನಿಮ್ಮ ಮಾತು."

ಅವಳು ಅವನ ಕೈ ಹಿಡಿದಳು. ಮಣ್ಣು ಒಣಗಿ ಬಿರುಕು ಬಿಟ್ಟ ಕೈ. "ನಿಮ್ಮ ಬಗ್ಗೆ ತಪ್ಪಾಗಿ ತಿಳ್ಕೊಂಡು ಬೈದಿದ್ದೆ. ಆಗಲೇ ಗೊತ್ತಾಯ್ತು ನನಗೆ. ಬೇರೆ ಯಾರು ಆ ಅಚ್ಚು ಒಡೆದಿದ್ರೂ ಕೋಪ ಬರ್ತಿತ್ತು. ನೀವು ಒಡೆದ್ರಿ ಅಂತ ಎದೆಯೇ ಒಡೆದುಹೋಯ್ತು. ನೀವಂದ್ರೆ ನನಗೆ ಇಷ್ಟ. ತುಂಬಾ."

ಅವನು ಅವಳ ಕೈಯನ್ನು ಎರಡೂ ಕೈಯೊಳಗೆ ಇಟ್ಟುಕೊಂಡು ಸುಮ್ಮನೆ ನೋಡುತ್ತಾ ನಿಂತ.

"ಹೀಗೇ ನೋಡ್ತಾ ಇದ್ರೆ ಬೇಜಾರಾಗಲ್ವಾ?"

"ಇಲ್ಲ."

"ನನಗೆ ವಯಸ್ಸಾಗುತ್ತೆ. ಮುಖ ಸುಕ್ಕಾಗುತ್ತೆ. ಆಗಲೂ?"

"ಆಗ ಹೇಗಿರ್ತೀರೋ ಏನೋ... ನೋಡಬೇಕು."

ಅವಳು ಆಚೆ ತಿರುಗಿದಳು. ಕೋಣೆಯ ಆ ಕೊನೆಯಲ್ಲಿ ಅಮ್ಮ ಖಳನಾಯಕನ ಜಗ್ಗು ಹಿಡಿದು, ಇವನು ನಿಜವಾಗಿ ಇಲಿಗೂ ಹೆದರುತ್ತಿದ್ದ ಅಂತ ಯಜಮಾನರಿಗೆ ಹೇಳಿ ನಗುತ್ತಿದ್ದರು.

"ಅಲ್ಲಿ ನೋಡಿ," ಅಂದಳು. "ಹಾಗಿರ್ತೀನಿ."

ಅವನು ಅಮ್ಮನ ಕಡೆ ನೋಡಿದ. ಮತ್ತೆ ಅವಳ ಕಡೆ ನೋಡಿದ.

"ಹಾಗಾದ್ರೆ," ಅಂದ, "ನನಗೆ ಆ ಮುಖ ಚಿಕ್ಕಂದಿನಿಂದಲೂ ಇಷ್ಟ."